ಹಳೆ ಎಣ್ಣೆಯ ಮೇಲೆ ಹೊಸ ಎಣ್ಣೆ

ಲಕ್ಷ್ಮೇಶ್ವರದ ಮಾರ್ತಾಂಡಾಚಾರ್ಯರ ಮನೆಗೆ ಮೋಟಾರು ಬಂದದ್ದು ಒಬ್ಬ ಮುದುಕಿ ಸತ್ತದ್ದರಿಂದ. ಎಪ್ಪತ್ನಾಲ್ಕನೇ ಇಸವಿಯಲ್ಲಿ ಗದಗಿನ ಹತ್ತಿ ಸಾಹುಕಾರರೊಬ್ಬರ ತಾಯಿ ತೀರಿಕೊಂಡರು. ದಿನಕರ್ಮ ಮುಗಿದ ಮೇಲೆ ಶಯ್ಯಾದಾನ ಕೊಡಬೇಕಲ್ಲ; ಸತ್ತವರು ಬಳಸುತ್ತಿದ್ದ ಹಾಸಿಗೆ, ಕೊಡೆ, ಚಪ್ಪಲಿ, ತಂಬಿಗೆಗಳನ್ನು ಪುರೋಹಿತರಿಗೆ ಕೊಟ್ಟರೆ ಪರಲೋಕದ ದಾರಿಯಲ್ಲಿ ಅವು ಆ ಜೀವಕ್ಕೆ ಒದಗುತ್ತವೆ ಎಂಬುದು ನಂಬಿಕೆ. ಸಾಹುಕಾರರು ತಾಯಿಯನ್ನು ಬಹಳ ಹಚ್ಚಿಕೊಂಡವರು. "ನಮ್ಮವ್ವ ಕಡೀ ಕಾಲಕ್ಕ ನೆಲಕ್ಕ ಕಾಲ ಇಟ್ಟಾಕಿ ಅಲ್ರಿ. ಅಲ್ಲಿ ನಡಸೂದು ಹ್ಯಾಂಗ್ರಿ?" ಎಂದು ಕಣ್ಣೀರು ಹಾಕಿ, ಹಾಸಿಗೆಯ ಜೊತೆಗೆ ಆಕೆ ತಿರುಗಾಡುತ್ತಿದ್ದ ಬಿಳಿ ಅಂಬಾಸಿಡರನ್ನೂ ನೀರು ಬಿಟ್ಟು ದಾನ ಮಾಡಿಯೇಬಿಟ್ಟರು.

ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅನ್ನುತ್ತಾರೆ. ಎಣಿಸಿದ್ದರೆ ಈ ಎಮ್ಮೆಗೆ ಹಲ್ಲು ಉಳಿದದ್ದೇ ಕಡಿಮೆ ಎಂದು ಗೊತ್ತಾಗುತ್ತಿತ್ತು. ಆಚಾರ್ಯರಿಗೆ ಗಾಡಿ ಹೊಡೆಯಲು ಬರುತ್ತಿರಲಿಲ್ಲ. ಮಾರೋಣವೆಂದರೆ ಮಾರಿದ ದಿನವೇ ಆ ಮುದುಕಿ ಪರಲೋಕದ ದಾರಿಯಲ್ಲಿ ಗಾಡಿಯಿಂದ ಇಳಿದು ನಡೆಯಬೇಕಾಗುತ್ತದೆ. ಕೂಲಿಯ ಡ್ರೈವರನನ್ನು ಇಡೋಣವೆಂದರೆ ಆಚಾರ್ಯರು ಪೂಜೆ, ಶ್ರಾದ್ಧ ಮಾಡಿಸುವ ಯಜಮಾನರ ಮನೆಗಳಿಗೆ ಹೋಗುವುದು ಮಿಂದು, ಮಡಿ ಉಟ್ಟು. ಹೊರಗಿನವನು ಮುಟ್ಟಿದ ಗಾಡಿಯಲ್ಲಿ ಕೂತರೆ ಮಡಿ ಎಲ್ಲಿ ಉಳಿಯಿತು? ಹೀಗಾಗಿ ಸುತ್ತಿ ಸುತ್ತಿ ಆ ಗಾಡಿ ಬಂದು ಕೂತದ್ದು ಅನಂತನ ಕೊರಳಿಗೆ.

ಅನಂತ ಆಚಾರ್ಯರ ಅಣ್ಣನ ಮಗ. ತಂದೆತಾಯಿ ಸಣ್ಣಂದಿನಲ್ಲೇ ಹೋಗಿದ್ದರು. ಕಾಕಾ ಮತ್ತು ಕಾಕಿ ಯಮುನಾಬಾಯಿ ಮಕ್ಕಳಿಲ್ಲದವರು. ಇವನನ್ನೇ ಮಗನೆಂದು ಸಾಕಿದ್ದರು. ಮಂತ್ರ ಬಾಯಲ್ಲಿ ನಿಲ್ಲದ ಹುಡುಗ, ಆದರೆ ಬಾವಿಯ ರಾಟಿ ಕೀರ್ ಅಂದರೆ ಅಡಿಗೆಮನೆಯಲ್ಲಿ ಉಣ್ಣುತ್ತಿದ್ದವನು ಎದ್ದು ಹೋಗುತ್ತಿದ್ದ. ಸಾಹುಕಾರರ ಹಳೆಯ ಡ್ರೈವರನಿಂದ ಗಾಡಿ ಕಲಿತ ಮೇಲೆ ದಿನಾ ಬೆಳಿಗ್ಗೆ ತಣ್ಣೀರು ಸುರಿದುಕೊಂಡು, ಮಡಿ ಪಂಜೆ ಉಟ್ಟು, ಬರಿಮೈಯಲ್ಲಿ ಸ್ಟಿಯರಿಂಗ್ ಹಿಡಿದು ಕೂತ. ಗದಗಿನ ಪೇಟೆಯಲ್ಲಿ ಜನ ನಿಂತು ನೋಡುತ್ತಿದ್ದರು. ಜನಿವಾರ ಹಾಕಿಕೊಂಡು ಹಾರ್ನ್ ಬಾರಿಸುವ ಡ್ರೈವರ್ ಆ ಊರಿಗೆ ಹೊಸದು.

ಮೊದಲ ಜಗಳ ಆದದ್ದು ಎಣ್ಣೆಗೆ.

ಆಚಾರ್ಯರ ಮನೆತನಕ್ಕೆ ಓಣಿಯ ಹನುಮಪ್ಪನ ಗುಡಿಯ ಸೇವೆ. ಗರ್ಭಗುಡಿಯಲ್ಲಿ ನಂದಾದೀಪ, ಅವರ ಅಜ್ಜನ ಅಜ್ಜ ಹಚ್ಚಿದ್ದಂತೆ. ಆ ದೀಪದ ನೇಮ ಒಂದೇ: ಎಣ್ಣೆ ತೀರಿದಷ್ಟು ಹಾಕಬೇಕು, ಬರಿದು ಮಾಡಬಾರದು, ಚೆಲ್ಲಬಾರದು. ಹಳೆ ಎಣ್ಣೆಯ ಮೇಲೆ ಹೊಸ ಎಣ್ಣೆ, ಅದರ ಮೇಲೆ ಮತ್ತೆ ಹೊಸದು. ತಳದ ಎಣ್ಣೆ ಯಾರ ಕಾಲದ್ದೋ ಹನುಮಪ್ಪನೇ ಬಲ್ಲ.

ಒಂದು ದಿನ ಆಚಾರ್ಯರು ಗುಡಿಯಿಂದ ಬರುವಾಗ ಅಂಗಳದಲ್ಲಿ ಅನಂತ ಗಾಡಿಯ ಕೆಳಗೆ ಅಂಗಾತ ಮಲಗಿದ್ದ. ಎಂಜಿನ್ನಿನ ಹೊಟ್ಟೆಯಿಂದ ಕಪ್ಪು ಎಣ್ಣೆ ತಗಡಿನ ಬೋಗುಣಿಗೆ ಇಳಿಯುತ್ತಿತ್ತು.

"ಅನಂತಾ! ಎಣ್ಣಿ ಚೆಲ್ಲಲಿಕ್ಹತ್ತೀಯಲ್ಲೋ!"

"ಚೆಲ್ಲಿಲ್ಲ ಕಾಕಾ, ಬದಲಿ ಮಾಡ್ಲಿಕ್ಹತ್ತೀನಿ. ಹಳೇದು ತಗದು ಹೊಸಾದು ಹಾಕಬೇಕು."

"ಎಣ್ಣಿ ಬದಲಿ ಮಾಡೂದು ಅಂದ್ರೇನೋ? ಕಮ್ಮಿ ಆದ್ರ ಹಾಕು. ಇದ್ದದ್ದು ಯಾಕ ತಗೀತಿ? ನಮ್ಮ ದೀಪದ ಎಣ್ಣಿ ಒಂದು ದಿನಾರ ತಗದೀವೇನು? ಅದೇನು ಆರಿ ಶಾಂತ ಆಗೇದೇನು?"

"ಅದು ದೀಪ, ಇದು ಎಂಜಿನ್, ಕಾಕಾ."

"ಎರಡೂ ಎಣ್ಣೀ ಮ್ಯಾಲೇ ಜೀವಾ ಹಿಡದಾವಿಲ್ಲೋ? ಅದೂ ದಾನದ ಗಾಡಿ. ಎಣ್ಣಿ ಚೆಲ್ಲಿದ್ರ ಮನಿಗೆ ಛೊಲೋದಲ್ಲ. ಇನ್ನ ಮ್ಯಾಲೆ ಈ ಕೆಲಸ ಬ್ಯಾಡ."

ಆಚಾರ್ಯರನ್ನು ನೋಡಿ ನಗುವುದು ಸುಲಭ. ಆದರೆ ನೂರು ವರ್ಷಕ್ಕೂ ಮೇಲೆ ಉರಿದ ದೀಪವನ್ನು ಬೆನ್ನಿಗಿಟ್ಟುಕೊಂಡು ಮಾತಾಡುವವನ ಎದುರು ನಿಂತು ವಾದ ಗೆದ್ದವರನ್ನು ನಾನಂತೂ ಕಂಡಿಲ್ಲ. ಅನಂತನೂ ಗೆಲ್ಲಲಿಲ್ಲ. ಎದುರಾಡುವ ಬದಲು ಕದ್ದು ಮಾಡಲು ಕಲಿತ.

ಕದಿಯಲು ಅವಕಾಶವೂ ಇತ್ತು. ಗದಗಿನಲ್ಲಿ ಯಜಮಾನರ ಮನೆಯಲ್ಲಿ ಶ್ರಾದ್ಧವೋ ಹೋಮವೋ ಇದ್ದ ದಿನ ಆಚಾರ್ಯರು ಒಳಗೆ ಕೂತರೆ ಎದ್ದು ಬರುವುದು ಊಟ ಮುಗಿದ ಮೇಲೆಯೇ. ಅಷ್ಟರಲ್ಲಿ ಅನಂತ ಗಾಡಿಯನ್ನು ಪಕ್ಕದ ಬೆಟಗೇರಿಗೆ ತಿರುಗಿಸುತ್ತಿದ್ದ. ಡಿಕ್ಕಿಯಲ್ಲಿ ಬಚ್ಚಿಟ್ಟ ಖಾಕಿ ಅಂಗಿ ತೊಟ್ಟರೆ ಮುಗಿಯಿತು, ಅವನು ಬೇರೆಯೇ ಮನುಷ್ಯ. ತಿರುಗಿ ಹೋಗುವಾಗ ಅಲ್ಲೇ ನಳದ ಕೆಳಗೆ ಮತ್ತೊಂದು ತಣ್ಣೀರಿನ ಸ್ನಾನ, ಮತ್ತೆ ಮಡಿ.

ನೇಕಾರರ ಓಣಿಯ ಕೊನೆಗೆ ಉಸ್ಮಾನಸಾಬನ ಗ್ಯಾರೇಜು. ಸುತ್ತ ಮಗ್ಗಗಳ ಖಟಖಟ. ಎಂಜಿನ್ನಿನ ಸದ್ದು ಬರಿಗಿವಿಗೆ ಹತ್ತುತ್ತಿರಲಿಲ್ಲ. ಉಸ್ಮಾನಸಾಬ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಹಚ್ಚಿ, ಹಿಡಿಕೆಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಆಮೇಲೆ ಅನಂತನಿಗೂ ಕೇಳಿಸುತ್ತಿದ್ದ. ಅನಂತನಿಗೆ ಮಂತ್ರ ಹತ್ತಲಿಲ್ಲ, ಇದು ಹತ್ತಿತು.

"ಪೀಪಾಯಿದಾಗಿನ ಬಿಡಿ ಎಣ್ಣಿ ತರಬ್ಯಾಡ," ಅನ್ನುತ್ತಿದ್ದ ಉಸ್ಮಾನಸಾಬ. "ಒಮ್ಮಿ ಉರದಿದ್ದನ್ನ ಸೋಸಿ ಬಣ್ಣಾ ಕಟ್ಟಿ ಮಾರ್ತಾರ. ಸೀಲ್ ಇದ್ದ ಡಬ್ಬಿ ತಗೋ. ಬ್ಯಾಸಗ್ಯಾಗ ಗಟ್ಟಿ ಎಣ್ಣಿ, ಚಳ್ಯಾಗ ಒಂಚೂರು ತಿಳೀದು. ತಗಿಯೂದು ಎಂಜಿನ್ ಬಿಸಿ ಇದ್ದಾಗ. ಆರಿದ ಮ್ಯಾಲೆ ಹೊಲಸು ತಳಾ ಹಿಡದು ಕುಂದರತೈತಿ."

"ಎಷ್ಟು ದಿನಕ್ಕೊಮ್ಮೆ ಬದಲಿ ಮಾಡಬೇಕು, ಚಾಚಾ? ಪುಸ್ತಕದಾಗ ಭಾಳ ದೂರ ಓಡಬಹುದು ಅಂತ ಬರದಾರ."

"ಪುಸ್ತಕ ಬರದಾಂವಾ ಮುಂಡರಗಿ ರೋಡಿನ ಧೂಳಾ ಕುಡದಿಲ್ಲ. ಅದರ ಅರ್ಧಾ ದೂರಕ್ಕ ತಗದುಬಿಡು." ಎಂಜಿನ್ನಿನ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು, ಅದರ ತುದಿಯ ಎಣ್ಣೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ತೋರಿಸುತ್ತಿದ್ದ. "ಕರ್ರಗಾತು ಅಂದ್ರ ಕೆಟ್ಟಿತು ಅಂತ ಅಲ್ಲಪಾ. ಎಂಜಿನ್ನಿನ ಹೊಲಸು ತಾ ಹೊತ್ಕೊಂಡೈತಿ ಅಂತ. ಹೊರೂತನಕ ಹೊರತೈತಿ. ಬೆರಳಿಗೆ ಜಾರೂದು ಬಿಟ್ಟು ಮಣ್ಣಿನಂಗ ತರಿತರಿ ಹತ್ತಿದ್ರ, ಸಾಕಾಗೇತಿ ಅದಕ್ಕ. ಇಳಿಸಿಬಿಡಬೇಕು."

ಐದು ವರ್ಷ ಹೀಗೆ ನಡೆಯಿತು. ಆಚಾರ್ಯರು ಗಾಡಿ ಹನುಮಪ್ಪನ ಕೃಪೆಯಿಂದ ಓಡುತ್ತಿದೆ ಅಂದುಕೊಂಡಿದ್ದರು. ಯಾರ ಕೃಪೆಯಾದರೇನು, ಲಕ್ಷ್ಮೇಶ್ವರ, ಶಿರಹಟ್ಟಿ, ಗದಗು, ಮುಂಡರಗಿ ಅಂತ ಗಾಡಿ ಗಾಣದ ಎತ್ತಿನ ಹಾಗೆ ತಿರುಗಿತು. ಅದರೊಳಗೆ ಅನಂತನೂ ತಿರುಗಿದ. ಕಾಕಾ ಏಳೆಂದಾಗ ಎದ್ದ, ಮೀಯೆಂದಾಗ ಮಿಂದ, ಯಜಮಾನರ ಜಗುಲಿಗಳ ಮೇಲೆ ಕಾದು ಕೂತ. ಹೊರಗಿನಿಂದ ನೋಡಿದವರಿಗೆ ಇವನಷ್ಟು ಸುಖಿ ಇನ್ನೊಬ್ಬನಿಲ್ಲ: ಕೂತು ತಿರುಗುವ ಕೆಲಸ, ಹೋದಲ್ಲಿ ಹಬ್ಬದೂಟ. ಒಳಗೆ ಅವನಿಗೆ ಉಸಿರು ಕಟ್ಟುತ್ತಿತ್ತು. ತಿಂಗಳಲ್ಲಿ ಒಂದೆರಡು ಸಲ ಖಾಕಿ ಅಂಗಿ ತೊಟ್ಟ ಆ ಹೊತ್ತಷ್ಟೇ ಅವನದು.

ಎಪ್ಪತ್ತೊಂಬತ್ತರಲ್ಲಿ ಉಸ್ಮಾನಸಾಬನ ಕಣ್ಣಿಗೆ ಪೊರೆ ಬಂತು. ಗಂಡುಮಕ್ಕಳಿಲ್ಲ, ಹೆಣ್ಣುಮಕ್ಕಳು ಮದುವೆಯಾಗಿ ಹುಬ್ಬಳ್ಳಿ ಸೇರಿದ್ದರು. ಒಂದು ದಿನ ಕೈ ಒರೆಸಿಕೊಳ್ಳುತ್ತ ಅಂದ, "ಅನಂತಾ, ಈ ಗ್ಯಾರೇಜ ನೀ ನಡಸು. ನಾ ಮೂಲ್ಯಾಗ ಕುಂತು ಕೇಳತೀನಿ. ಕಿವಿ ಇನ್ನೂ ಛೊಲೋ ಅದಾವು. ಬೇರೆ ಯಾರ ಕೈಯಾಗ ಕೊಡಾಕ ಮನಸ ಒಪ್ಪವಲ್ದು."

ಅನಂತ ಗಾಡಿ ಹೊಡೆದುಕೊಂಡು ಊರಿಗೆ ಬಂದದ್ದು ಅವನಿಗೇ ಗೊತ್ತಾಗಲಿಲ್ಲ. ಅಂದೇ ಊಟಕ್ಕೆ ಕೂತಾಗ, ಎಣ್ಣೆ ಬದಲಿಸಿದ ಮಾತೊಂದನ್ನು ಬಿಟ್ಟು, ಉಳಿದದ್ದನ್ನೆಲ್ಲ ಕಾಕಾನಿಗೆ ಹೇಳಿದ. ಬೈಯುತ್ತಾರೆ ಅಂದುಕೊಂಡಿದ್ದ, ಆಚಾರ್ಯರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು.

"ಉಸ್ಮಾನಸಾಬ ಒಳ್ಳೇ ಮನಷಾ. ನಿನ್ನ ಕೈಗೂ ಆ ಕೆಲಸ ಹೊಂದತದ, ನನಗೇನು ಕಾಣೂದಿಲ್ಲೇನು? ಆದ್ರ ಈ ಗಾಡಿ ಹೊಡೆಯೋರು ಯಾರಪಾ? ಮಾರೂ ಹಂಗಿಲ್ಲ, ಹೊರಗಿನವರನ್ನ ಇಡೂ ಹಂಗಿಲ್ಲ. ಗಾಡಿ ಇರೂತನಕ ನೀ ಇರು. ಗಾಡಿ ನಿಂತ ಮ್ಯಾಲೆ ನಿನ್ನ ದಾರಿ ನಿನಗ. ಹನುಮಪ್ಪನಾಣಿ, ನಾ ತಡಿಯೂದಿಲ್ಲ."

ಯಮುನಾಬಾಯಿ ಸಾರು ಬಡಿಸುತ್ತ ನಕ್ಕರು. "ಗಾಡಿ ಎಲ್ಲಿ ನಿಲ್ಲತದರೀ? ನಮ್ಮ ಅನಂತ ಅದನ್ನ ಕೂಸಿನಂಗ ಜ್ವಾಪಾನ ಮಾಡ್ಯಾನ. ನಮ್ಮ ಕಾಲ ಮುಗದರೂ ಅದು ಓಡತದ."

ಅನಂತ ಕಲಸಿದ ತುತ್ತನ್ನು ಎಲೆಯಲ್ಲೇ ಬಿಟ್ಟ. ಕಾಕಿ ಪ್ರೀತಿಯಿಂದ ಆಡಿದ ಮಾತು ಅದು. ಆದರೆ ತನ್ನನ್ನು ಕೂಡಿಹಾಕಿದ ಕೋಣೆಯ ಬೀಗಕ್ಕೆ ಇಷ್ಟು ವರ್ಷ ತಾನೇ ಕದ್ದು ಮುಚ್ಚಿ ಎಣ್ಣೆ ಹಾಕಿ ಗಟ್ಟಿಮಾಡಿದ್ದೇನೆ ಎಂಬುದು ಅವನಿಗೆ ಹೊಳೆದದ್ದು ಆಗಲೇ.

ಅವನು ಮಾಡಿದ್ದೇನೆಂದರೆ, ಕಾಕಾನ ಮಾತು ಕೇಳಿದ. ಅಷ್ಟೇ. ಅಲ್ಲಿಂದ ಮುಂದೆ ಎಣ್ಣೆ ಬದಲಿಸಲಿಲ್ಲ. ಕಾಕಾನ ಕಣ್ಣೆದುರೇ ಕಮ್ಮಿಯಾದಷ್ಟು ಹಾಕಿದ, ಹಳೆಯದರ ಮೇಲೆ ಹೊಸದು. ಯಾರೂ ತಪ್ಪು ಹಿಡಿಯುವ ಹಾಗಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆಚಾರ್ಯರಿಗೆ ಆನಂದವೋ ಆನಂದ. ಹುಡುಗನಿಗೆ ಬುದ್ಧಿ ಬಂತೆಂದು, ಪೇಟೆಯಿಂದ ತಾವೇ ಪೀಪಾಯಿಯ ಬಿಡಿ ಎಣ್ಣೆ ತರಿಸಿ, ಶನಿವಾರ ಗುಡಿಯ ದೀಪಕ್ಕೆ ಎಣ್ಣೆ ಹಾಕಿದ ಮೇಲೆ ಪೂರ್ವಕ್ಕೆ ಮುಖಮಾಡಿ ನಿಂತು ಗಾಡಿಗೂ ಹಾಕತೊಡಗಿದರು. ಅನಂತ ಪಕ್ಕದಲ್ಲಿ ಲಾಳಿಕೆ ಹಿಡಿದು ನಿಂತಿರುತ್ತಿದ್ದ.

ಕೊಲ್ಲುವುದು ಸುಲಭ, ಸಾಯುವುದನ್ನು ಕೇಳುವುದು ಕಷ್ಟ. ಉಸ್ಮಾನಸಾಬ ಕಿವಿಗೆ ಕಲಿಸಿದ್ದು ಈಗ ಮರೆಯಲು ಬರುತ್ತಿರಲಿಲ್ಲ. ಮೊದಲು ಏರಿನಲ್ಲಿ ಎಂಜಿನ್ ಸಣ್ಣಗೆ ಮುಲುಗಿತು. ಮಳೆಗಾಲ ಕಳೆಯುವಷ್ಟರಲ್ಲಿ ಒಳಗಿನಿಂದ ಟಕಟಕ ಸುರುವಾಯಿತು. ಎಣ್ಣೆಯ ಒತ್ತಡ ತೋರಿಸುವ ಮುಳ್ಳು ಸೋತ ಮುದುಕನ ತಲೆಯ ಹಾಗೆ ಕೆಳಕ್ಕೆ ಬಾಗಿತು. ಹಿಂದೆ ಕೂತ ಆಚಾರ್ಯರು ವಿಷ್ಣುಸಹಸ್ರನಾಮ ಹೇಳಿಕೊಳ್ಳುತ್ತಿದ್ದರು. ಅವರಿಗೆ ಏನೂ ಕೇಳಿಸುತ್ತಿರಲಿಲ್ಲ. ಅನಂತನಿಗೆ ಊಟ ಸೇರದಾಯಿತು. ಬೆಟಗೇರಿಯ ಕಡೆ ಅವನು ಹೋಗಲೇ ಇಲ್ಲ. ಸ್ಕ್ರೂಡ್ರೈವರ್ ಹಚ್ಚಿದರೆ ಸಾಕು, ಉಸ್ಮಾನಸಾಬ ಕಣ್ಣಿಲ್ಲದೆಯೂ ಕೇಳಿ ಹಿಡಿದುಬಿಡುತ್ತಿದ್ದ.

ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ. ಕಾಕಾ ಶಿರಹಟ್ಟಿಯಲ್ಲಿ ಯಜಮಾನರ ಮನೆಯೊಳಗಿದ್ದರು. ಅನಂತ ಸೀಲಿನ ಡಬ್ಬಿ ತಂದು, ಬೇವಿನ ನೆರಳಲ್ಲಿ ಗಾಡಿಯ ಕೆಳಗೆ ಹೊಕ್ಕು, ತಳದ ಬೋಲ್ಟಿಗೆ ಪಾನಾ ಹಚ್ಚಿದ. ಎಂಜಿನ್ ಬಿಸಿ ಇತ್ತು. ಒಂದು ಸುತ್ತು ತಿರುಗಿಸಿದರೆ ಸಾಕು, ಅದರ ಸಂಕಟ ಇಳಿಯುತ್ತಿತ್ತು. ಹಾಗೇ ಮಲಗಿ ಯೋಚಿಸಿದ: ಇದನ್ನು ಇಳಿಸಿದರೆ ಇನ್ನು ಎಷ್ಟು ವರ್ಷ? ಕಾಕಿ ಅಂದಂತೆ ಅವರ ಕಾಲ ಮುಗಿಯುವವರೆಗೆ? ಅಷ್ಟರಲ್ಲಿ ತನ್ನ ಕಾಲವೂ ಮುಗಿದಿರುತ್ತದೆ. ಪಾನಾ ತೆಗೆದು ಹೊರಗೆ ಬಂದ. ಡಬ್ಬಿಯನ್ನು ಡಿಕ್ಕಿಯಲ್ಲಿ ಖಾಕಿ ಅಂಗಿಯಲ್ಲಿ ಸುತ್ತಿಟ್ಟ.

ಮುಂದಿನ ವೈಶಾಖದಲ್ಲಿ ಮುಂಡರಗಿಯ ಯಜಮಾನರೊಬ್ಬರ ಮನೆಯಲ್ಲಿ ತಂದೆಯ ಶ್ರಾದ್ಧ. ಶ್ರಾದ್ಧವೆಂದರೆ ನಡುಹಗಲಿನ ಹೊತ್ತು ಮೀರಬಾರದು. ಆಚಾರ್ಯರು ಬರುವವರೆಗೆ ಮನೆಮಂದಿ ಉಪವಾಸ. ಡಂಬಳದ ಕೆರೆ ದಾಟಿ ಸ್ವಲ್ಪ ಮುಂದೆ ಹೋಗಿದ್ದರು. ಬಿಸಿಲಿಗೆ ರಸ್ತೆಯೇ ಕುದಿಯುತ್ತಿತ್ತು. ಒಳಗಿನ ಟಕಟಕ ಒಮ್ಮೆಲೇ ಏರಿತು, ಕಬ್ಬಿಣಕ್ಕೆ ಕಬ್ಬಿಣ ಕಚ್ಚಿದ ಸದ್ದಾಯಿತು, ಗಾಡಿ ಜಗ್ಗಿ ನಿಂತುಬಿಟ್ಟಿತು. ಆಚಾರ್ಯರು ಮುಂದಿನ ಸೀಟಿಗೆ ಹಣೆಯನ್ನೂ ಮೊಣಕಾಲನ್ನೂ ಬಡಿದುಕೊಂಡರು.

ಸುತ್ತ ಒಂದು ಗಿಡವಿಲ್ಲ. ಆಚಾರ್ಯರು ಬರಿಗಾಲಲ್ಲಿ ಕಾದ ರಸ್ತೆಯ ಮೇಲೆ ನಿಂತು, ಒಮ್ಮೆ ಸೂರ್ಯನನ್ನೂ ಒಮ್ಮೆ ಮುಂಡರಗಿಯ ದಿಕ್ಕನ್ನೂ ನೋಡಿದರು. ಬಸ್ಸು ಬಂತು, ಮಡಿಯಲ್ಲಿದ್ದವರು ಹತ್ತುವುದು ಹೇಗೆ? ಅದೂ ಹೋಯಿತು. ಕಡೆಗೆ ಹೊಲದಿಂದ ಬರುತ್ತಿದ್ದ ಡಂಬಳದ ಯಮನೂರಪ್ಪ ಎಂಬ ರೈತ ತನ್ನ ಬಂಡಿಯ ಎತ್ತು ಬಿಚ್ಚಿ ಮೋಟಾರಿಗೆ ಹಗ್ಗ ಕಟ್ಟಿದ. "ಕುಂಡ್ರಿ ಬುದ್ಧೀ. ಎತ್ತಿನ ಗಾಡಿ ಅಂತ ತಿಳೀರಿ," ಅಂದ. ಎತ್ತುಗಳು ಅಂಬಾಸಿಡರನ್ನು ಎಳೆದುಕೊಂಡು ಡಂಬಳಕ್ಕೆ ತಿರುಗಿದವು. ಹಿಂದಿನ ಸೀಟಿನಲ್ಲಿ ಆಚಾರ್ಯರು ಅಳುತ್ತಿದ್ದರು. ಯಜಮಾನರ ಮನೆಯಲ್ಲಿ ಅವರು ಹೊತ್ತು ತಪ್ಪಿಸಿದ್ದು ಜನ್ಮದಲ್ಲಿ ಅದೇ ಮೊದಲು.

"ನನ್ನದೇ ತಪ್ಪು ಅನಂತಾ. ನೀ ಅವತ್ತೇ ಹೇಳಿದ್ದಿ, ಬದಲಿ ಮಾಡಬೇಕು ಅಂತ. ನಾ ಕೇಳಲಿಲ್ಲ."

ಈ ಮಾತನ್ನು ಅನಂತ ಎಷ್ಟೋ ಸಲ ಕನಸಿನಲ್ಲಿ ಕೇಳಿದ್ದ. ಕನಸಿನಲ್ಲಿ ಅದು ಬಿಡುಗಡೆಯ ಮಾತಾಗಿತ್ತು. ಈಗ ಬಾಯಿಬಿಟ್ಟು ನಿಜ ಹೇಳಿದರೆ ಕಾಕಾ ಸಾಯುತ್ತಾರೆ, ಹೇಳದಿದ್ದರೆ ಮಾಡದ ತಪ್ಪು ಹೊತ್ತು ಬದುಕುತ್ತಾರೆ. ಅನಂತ ಸ್ಟಿಯರಿಂಗ್ ಹಿಡಿದು, ಎತ್ತಿನ ಬಾಲ ನೋಡುತ್ತ ಸುಮ್ಮನೆ ಕೂತ.

ಮರುದಿನ ಲಾರಿಗೆ ಕಟ್ಟಿ ಗಾಡಿಯನ್ನು ಬೆಟಗೇರಿಗೆ ಎಳೆತಂದರು. ಆಚಾರ್ಯರೂ ಜೊತೆಗೆ ಬಂದು ಬಾಗಿಲಲ್ಲಿ ನಿಂತರು. ಉಸ್ಮಾನಸಾಬ ಎಂಜಿನ್ನಿನ ತಳ ಬಿಚ್ಚಿಸಿ ಕೈ ಹಾಕಿದ. ಕಣ್ಣು ಮಸಕಾಗಿತ್ತು, ಆದರೆ ಬೆರಳಿಗೆ ಹತ್ತಿದ್ದು ಡಾಂಬರಿನಂಥ ರಾಡಿ. ಅದನ್ನು ಹೆಬ್ಬೆರಳಿನಿಂದ ತಿಕ್ಕಿದ, ಮೂಸಿದ.

"ನಂದೇ ತಪ್ಪೋ ಉಸ್ಮಾನಸಾಬ," ಆಚಾರ್ಯರು ಬಾಗಿಲಿನಿಂದಲೇ ಅಂದರು. "ಎಣ್ಣಿ ತಗೀಬ್ಯಾಡ ಅಂತ ನಾನೇ ಅಂದಿದ್ದೆ. ಹುಡುಗಂದೇನೂ ಇಲ್ಲ. ಇನ್ನ ಅವನ್ನ ನೀ ಇಟ್ಕೋ. ನಾ ಮಾತು ಕೊಟ್ಟೀನಿ, ತಡಿಯೂದಿಲ್ಲ."

ಉಸ್ಮಾನಸಾಬ ತಲೆಯಾಡಿಸಿದ. ಅನಂತನನ್ನು ಹಿತ್ತಲಿಗೆ ಕರೆದುಕೊಂಡು ಹೋದ. ಆಚೆ ಗೋಡೆಗೆ ಮಗ್ಗ ಖಟಖಟ ಅನ್ನುತ್ತಿತ್ತು.

"ಐದು ವರ್ಷ ಈ ಎಂಜಿನ್ನಿಗೆ ನೀ ನನ್ನ ಕಣ್ಣಮುಂದ ಎಣ್ಣಿ ಬದಲಿಸಿದಿ. ಆಮ್ಯಾಲೆ ಬರೂದು ಬಿಟ್ಟಿ. ನಾ ತಿಳಕೊಂಡೆ, ಬೇರೆ ಕಡೆ ಮಾಡಸಾಕ ಹತ್ಯಾನ ಅಂತ. ಗೊತ್ತಿಲ್ಲದಾಂವಾ ಕೆಡಿಸಿದ್ರ ನನಗ ಸಿಟ್ಟಿಲ್ಲ. ನೀ ದಿನಾ ಕೇಳಕೋತ ಹೊಡದಿ. ಹೌದಿಲ್ಲೋ?"

ಅನಂತ ತಲೆ ತಗ್ಗಿಸಿದ. "ಇಲ್ಲಿಗೆ ಬರಾಕಂತ ಮಾಡಿದೆ, ಚಾಚಾ. ಬೇರೆ ದಾರಿ ಇರಲಿಲ್ಲ."

"ಅದಕ್ಕೇ ಹೇಳಾಕ ಹತ್ತೀನಿ." ಮುದುಕ ಕೈಯ ರಾಡಿ ಒರೆಸಿಕೊಂಡ. "ಮಂದಿ ತಮ್ಮ ಹೆಂಡಿರ ಮಕ್ಕಳ್ನ ಕುಂಡ್ರಿಸ್ಕೊಂಡು ಹೋಗೂ ಗಾಡಿ ನಮ್ಮ ಕೈಯಾಗ ಕೊಡ್ತಾರ. ನನಗ ಕಣ್ಣು ಇಲ್ಲ. ನಿನ್ನ ಕೈ ಮ್ಯಾಲೆ ನಂಬಿಗಿ ಇಟ್ಟು ಕುಂದರಬೇಕು. ಇನ್ನ ಅದು ಆಗೂದಿಲ್ಲ ಬೇಟಾ. ಹೋಗು."

ಆಚಾರ್ಯರಿಗೆ ಉಸ್ಮಾನಸಾಬ ಇದೇನನ್ನೂ ಹೇಳಲಿಲ್ಲ. ಗ್ಯಾರೇಜು ಮುಚ್ಚುತ್ತೇನೆ ಅಂದ. ಆ ವರ್ಷವೇ ಮುಚ್ಚಿ ಮಗಳ ಮನೆಗೆ ಹೋದ.

ಗಾಡಿಯನ್ನು ಅಂಗಳಕ್ಕೆ ತಂದು ನಿಲ್ಲಿಸಿದರು. ರಿಪೇರಿ ಮಾಡಿಸೋಣವೆಂದು ಅನಂತ ಬಾಯಿಬಿಡಲಿಲ್ಲ. ಹಾಳು ಮಾಡಿದೆನೆಂಬ ನಾಚಿಕೆಗೆ ಆಚಾರ್ಯರೂ ಬಿಡಲಿಲ್ಲ. ಗುಜರಿಗೆ ಕೊಡುವುದಂತೂ ಸಾಧ್ಯವಿರಲಿಲ್ಲ, ದಾನದ ಗಾಡಿ. ಬಾನೆಟ್ಟಿನ ಮೇಲೆ ಯಮುನಾಬಾಯಿ ಹಪ್ಪಳ ಒಣಗಿಸುತ್ತಿದ್ದರು. "ಪಾಪ, ಆ ಮುದುಕಿ ಈಗ ನಡಕೋತ ಹೋಗಿರಬೇಕಲ್ಲೋ," ಎಂದು ಒಮ್ಮೊಮ್ಮೆ ಮರುಗುತ್ತಿದ್ದರು. ಖಾಕಿ ಅಂಗಿ ಅಡಿಗೆಮನೆಯಲ್ಲಿ ಬಿಸಿ ಪಾತ್ರೆ ಹಿಡಿಯುವ ಅರಿವೆಯಾಯಿತು.

ಆಚಾರ್ಯರು ಮಾತಿಗೆ ತಪ್ಪಲಿಲ್ಲ. "ನಿನ್ನ ದಾರಿ ನಿನಗ" ಎಂದು ಎರಡು ಮೂರು ಸಲ ತಾವಾಗಿಯೇ ಅಂದರು. ಹೋಗಲು ದಾರಿಯೇ ಇರಲಿಲ್ಲ. ಇದ್ದ ಒಂದೇ ದಾರಿಯನ್ನು ಅನಂತ ತನ್ನ ಕೈಯಾರೆ ಮುಚ್ಚಿದ್ದ. ಅಂದು ಗಾಡಿಯಲ್ಲಿ ಪೆಟ್ಟಾದ ಮೇಲೆ ಆಚಾರ್ಯರ ಮೊಣಕಾಲು ಮೊದಲಿನಂತೆ ಆಗಲೇ ಇಲ್ಲ; ಗುಡಿಯ ಮೆಟ್ಟಿಲು ಹತ್ತುವುದೂ ನಿಂತಿತು. ಗುಡಿಯ ಸೇವೆ ಅನಂತನ ಪಾಲಿಗೆ ಬಂತು. ಬಾಯಲ್ಲಿ ನಿಲ್ಲದಿದ್ದ ಮಂತ್ರಗಳು ನಿಧಾನವಾಗಿ ನಿಂತವು.

ಎಂಬತ್ತೈದು ಎಂಬತ್ತಾರರ ಹೊತ್ತಿಗೆ ಓಣಿಯವರು ಅವನನ್ನು ಅನಂತಾಚಾರ್ಯರೇ ಅನ್ನತೊಡಗಿದ್ದರು. ದಿನಾ ಬೆಳಿಗ್ಗೆ ಗರ್ಭಗುಡಿಯ ಸಣ್ಣ ಬಾಗಿಲಲ್ಲಿ ಬಗ್ಗಿ ಒಳಗೆ ಹೋಗುತ್ತಾನೆ. ನಂದಾದೀಪದ ಬತ್ತಿ ಮೇಲೆತ್ತುವ ಕಡ್ಡಿಯನ್ನು ಎಣ್ಣೆಯ ತಳಕ್ಕಿಳಿಸಿ ತೆಗೆದು, ಅದರ ತುದಿಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕುತ್ತಾನೆ. ಕರ್ರಗೆ, ತರಿತರಿ. ಸಾಕಾಗಿದೆ ಅದಕ್ಕೆ, ಎಂದೋ ಇಳಿಸಬೇಕಾಗಿತ್ತು. ಬೆರಳು ಒರೆಸಿಕೊಂಡು ಗಿಂಡಿ ಎತ್ತಿ ಅದರ ಮೇಲೆಯೇ ಹೊಸ ಎಣ್ಣೆ ಹೊಯ್ಯುತ್ತಾನೆ.

ಮನೆಗೆ ಬಂದಾಗ ಆಚಾರ್ಯರು ಕಟ್ಟೆಯ ಮೇಲೆ ಕಾಲು ಚಾಚಿ ಕೂತಿರುತ್ತಾರೆ. ಎದುರಿಗೆ ಗಾಡಿ ನಿಂತಿರುತ್ತದೆ.

"ಎಣ್ಣಿ ಹಾಕಿದ್ಯೇನೋ, ಅನಂತಾ?"

"ಹಾಕಿದೆ, ಕಾಕಾ."